ಕೊಳಚೆ ನೀರು ಮತ್ತು ಬಯಲುಸೀಮೆಯ ನದಿ: ತಪ್ಪು ಕಲ್ಪನೆ, ಸತ್ಯ

ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಸೀಮೆಯಲ್ಲಿ ವರ್ಷಪೂರ್ತಿ ತುಂಬಿ ಹರಿಯುವ ನದಿಯಿಲ್ಲ. ಮಳೆ ನಿಂತ ಮೇಲೆ ವೃಷಭಾವತಿ ನದಿಯಲ್ಲಿ ಹರಿಯುವುದು ಬಹುಪಾಲು ಬೆಂಗಳೂರಿನ ಬಚ್ಚಲು, ಶೌಚಾಲಯಗಳ ನೀರೇ. ಆದ್ದರಿಂದ ಇಲ್ಲಿ ಕೊಳಚೆ ನೀರನ್ನು ಶುದ್ಧಗೊಳಿಸುವುದೂ ನದಿಯನ್ನು ಉಳಿಸುವುದೂ ಒಂದೇ ಕೆಲಸ.

ತಪ್ಪು ಕಲ್ಪನೆ: ನದಿ ತನ್ನ ಕೊಳೆಯನ್ನು ತಾನೇ ತೊಳೆದುಕೊಳ್ಳುತ್ತದೆ.

ಸತ್ಯ: ತುಂಬಿದ ಹೊಳೆಗೆ ಆ ಶಕ್ತಿ ಒಂದಿಷ್ಟಿದೆ. ಬತ್ತಿದ ಹೊಳೆಯಲ್ಲಿ ಕೊಳೆಯ ಜೊತೆ ಬೆರೆಯಲು ಒಳ್ಳೆಯ ನೀರೇ ಇರುವುದಿಲ್ಲ. ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ಮುಗಿಸುತ್ತವೆ. ಮೀನು ಸಾಯುತ್ತವೆ, ನಾತ ಏಳುತ್ತದೆ. ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಕನಕಪುರದ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನಾವು ಹರಿಯಬಿಟ್ಟ ಕೊಳೆ ಕೆಳಗಿನ ಊರಿನವರ ಪಾಲಾಗುತ್ತದೆ.

ತಪ್ಪು ಕಲ್ಪನೆ: ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಸ್ಥಾವರದಲ್ಲಿ) ರಾಸಾಯನಿಕ ಸುರಿದು ನೀರು ಶುದ್ಧ ಮಾಡುತ್ತಾರೆ.

ಸತ್ಯ: ಮುಖ್ಯ ಕೆಲಸ ಸೂಕ್ಷ್ಮಜೀವಿಗಳದ್ದು. ಜಾಲರಿಯಲ್ಲಿ ಕಸ, ಮುಂದಿನ ತೊಟ್ಟಿಯಲ್ಲಿ ಮರಳು ತೆಗೆದ ಮೇಲೆ, ತಳದಿಂದ ಗಾಳಿ ಊದುವ ತೊಟ್ಟಿಗೆ ನೀರು ಬರುತ್ತದೆ. ಪರೀಕ್ಷೆಗೆಂದು ಅಲ್ಲಿನ ಕಂದು ನೀರನ್ನು ಒಂದು ಲೀಟರ್ ಗಾಜಿನ ಜಾಡಿಗೆ ತುಂಬಿಸಿ ಅಲುಗಾಡಿಸದೆ 30 ನಿಮಿಷ ಇಡುತ್ತಾರೆ. ಸ್ಥಾವರ ಸರಿಯಾಗಿದ್ದರೆ ಬಗ್ಗಡ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಆ ಬಗ್ಗಡದ ಬಹುಪಾಲು ಕೊಳೆ ತಿಂದು ಬೆಳೆದ ಜೀವಿಗಳು. ನಾವು ಚರಂಡಿಗೆ ಸುರಿಯುವ ಆಸಿಡ್, ಎಂಜಿನ್ ಆಯಿಲ್ ಅವುಗಳನ್ನೇ ಕೊಲ್ಲುತ್ತವೆ. ಕ್ಲೋರಿನ್‌ನ ಸರದಿ ಬರುವುದು ಕೊನೆಗೆ, ರೋಗಾಣು ಕೊಲ್ಲಲು.

ತಪ್ಪು ಕಲ್ಪನೆ: ನೀರು ತಿಳಿಯಾದರೆ ಶುದ್ಧವಾದಂತೆ.

ಸತ್ಯ: ಸಾರಜನಕ, ರಂಜಕ, ರೋಗಾಣು ಕಣ್ಣಿಗೆ ಕಾಣುವುದಿಲ್ಲ. ರಂಜಕ ಹೆಚ್ಚಾದರೆ ಕೆರೆಯ ತುಂಬ ಪಾಚಿ, ಕಳೆ ಬೆಳೆಯುತ್ತವೆ. ಬೆಳ್ಳಂದೂರು ಕೆರೆಯ ನೊರೆಗೆ ಕಾರ್ಖಾನೆಗಳಷ್ಟೇ ಕಾರಣವಲ್ಲ. ಮನೆಮನೆಯ ಬಟ್ಟೆ ಸೋಪಿನ ಪುಡಿಯ ಪಾಲೂ ಅದರಲ್ಲಿದೆ.

ತಪ್ಪು ಕಲ್ಪನೆ: ಎಸ್‌ಟಿಪಿ ಕಟ್ಟಿದರೆ ನದಿ ಉಳಿಯಿತು.

ಸತ್ಯ: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯಂತೆ ದೇಶದ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ನೀರು ಹುಟ್ಟುತ್ತಿತ್ತು. ಸ್ಥಾಪಿಸಿದ ಸಾಮರ್ಥ್ಯ 31,841 ದಶಲಕ್ಷ ಲೀಟರ್. ನಿಜಕ್ಕೂ ಶುದ್ಧವಾಗುತ್ತಿದ್ದುದು 20,235 ಮಾತ್ರ. ಒಳಚರಂಡಿಗೆ ಸೇರಬೇಕಾದ ನೀರು ಮಳೆನೀರಿನ ರಾಜಕಾಲುವೆಗೆ ಬಿದ್ದರೆ ಎಷ್ಟು ದೊಡ್ಡ ಸ್ಥಾವರವಿದ್ದರೂ ಪ್ರಯೋಜನವಿಲ್ಲ.

ತಪ್ಪು ಕಲ್ಪನೆ: ಕೊಳಚೆ ನೀರು ಎಷ್ಟು ಶುದ್ಧ ಮಾಡಿದರೂ ವಿಷವೇ.

ಸತ್ಯ: ಯಾವ ಹಂತದವರೆಗೆ ಶುದ್ಧ ಮಾಡಿದ್ದೇವೆ, ಯಾವುದಕ್ಕೆ ಬಳಸುತ್ತೇವೆ ಎನ್ನುವುದರ ಮೇಲೆ ಅದು ನಿಂತಿದೆ. ನಮೀಬಿಯಾದ ರಾಜಧಾನಿ ವಿಂಡ್‌ಹುಕ್ 1968ರಿಂದ ಇಂಥ ನೀರನ್ನು ಹಲವು ಹಂತ ಶುದ್ಧಗೊಳಿಸಿ ಕುಡಿಯಲು ಕೊಡುತ್ತಿದೆ. ನಮ್ಮಲ್ಲಿ 2018ರಲ್ಲಿ ಶುರುವಾದ ಕೆ.ಸಿ. ವ್ಯಾಲಿ ಯೋಜನೆಯ ಗುರಿ ಬೆಂಗಳೂರಿನಿಂದ ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವುದು. ಇದು ಎರಡನೇ ಹಂತದವರೆಗೆ, ಅಂದರೆ ಸೂಕ್ಷ್ಮಜೀವಿಗಳು ಕೊಳೆ ತಿನ್ನುವ ಹಂತದವರೆಗೆ ಶುದ್ಧಗೊಳಿಸಿದ ನೀರು. ಉದ್ದೇಶ ಅಂತರ್ಜಲ ಮರುಪೂರಣ, ಕುಡಿಯುವುದಕ್ಕಲ್ಲ. ಕೆರೆಗಳು ತುಂಬಿ ಸುತ್ತಲ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ. ಆದರೆ ಆರಂಭದಲ್ಲೇ ನೊರೆ ಕಾಣಿಸಿ, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಉಳಿದ ಸಾರಜನಕ, ರಂಜಕ, ರೋಗಾಣುಗಳನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೋಲಾರದ ಜನರ ಒತ್ತಾಯ ನ್ಯಾಯವಾದದ್ದು. ಯೋಜನೆಯೂ ಬೇಕು, ಮೂರನೇ ಹಂತವೂ ಬೇಕು.

ನಿಮ್ಮ ಮನೆಯ ಬಚ್ಚಲಿನ ಪೈಪು ಒಳಚರಂಡಿಗೆ ಸೇರಿದೆಯೋ, ರಾಜಕಾಲುವೆಗೋ, ಇಂದೇ ನೋಡಿ. ನಿಮ್ಮೂರ ಎಸ್‌ಟಿಪಿಯ ನೀರಿನ ಪರೀಕ್ಷಾ ವರದಿಯನ್ನು ನಗರಸಭೆಯಲ್ಲಿ ಕೇಳಿ. ಕೇಳುವುದು ನಿಮ್ಮ ಹಕ್ಕು.