ಮ್ಯೂನಿಕ್ಕಿನ ಜಾತ್ರೆಗೆ ಹೋಗಿಬಂದೆವು

"ಬಿಯರ್ ಜಾತ್ರೆಗೆ ಹೋಗಿದ್ದೆಯಂತಲ್ಲೇ?"

ಊರಿಗೆ ಮರಳಿ ಎರಡು ದಿನವಾಗಿರಲಿಲ್ಲ, ಹೊಸನಗರದಿಂದ ಅಕ್ಕ ಫೋನ್ ಮಾಡಿ ಕೇಳಿದ ಮೊದಲ ಮಾತು ಇದು. ಮಗಳು ಹೇಗಿದ್ದಾಳೆ, ಜರ್ಮನಿ ಹೇಗಿದೆ ಎಂಬುದೆಲ್ಲ ಆಮೇಲೆ. "ಹೌದಕ್ಕ, ಹೋಗಿದ್ದೆ" ಎಂದೆ. ಕುಡಿದೆಯಾ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ನಿಮಗೂ ಅದೇ ಕುತೂಹಲವಿದ್ದೀತು, ಮೊದಲೇ ಹೇಳಿಬಿಡುತ್ತೇನೆ. ನಾನು ಕುಡಿದದ್ದು ನಿಂಬೆ ಷರಬತ್ತು. ನಮ್ಮನೆಯವರ ವಿಷಯ ಅವರನ್ನೇ ಕೇಳಿ.

2023ರಲ್ಲಿ ಗೌರಿ ಗಣೇಶ ಮುಗಿಸಿಕೊಂಡು ನಾವಿಬ್ಬರೂ ಸಾಗರದಿಂದ ಹೊರಟೆವು. ಮಗಳು, ಅಳಿಯ, ಆರು ವರ್ಷದ ಮೊಮ್ಮಗಳು ಇರುವುದು ಮ್ಯೂನಿಕ್ ನಗರದಲ್ಲಿ. ವೀಸಾದ ಓಡಾಟ ಬರೆಯಹೊರಟರೆ ಅದೇ ಒಂದು ಪುರಾಣ. ತಲಾ 30,000 ಯೂರೋಗೆ ಕಡಿಮೆಯಿಲ್ಲದ ವಿಮೆ ಮಾಡಿಸಲೇಬೇಕು ಎಂಬುದನ್ನಷ್ಟು ನೆನಪಿಡಿ. ಇನ್ನು ಗಂಟುಮೂಟೆ. ಮಗಳ ಮನೆಗೆ ತುಪ್ಪ, ಪೇಡೆ ಒಯ್ಯದೆ ಹೋಗುವುದು ಹೇಗೆ ಅಂತೀರಾ? ಕಟ್ಟಲೇಬೇಡಿ. ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಅವರು ಒಳಗೆ ಬಿಡುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿದೆ, ಸುರಕ್ಷಿತವಾಗಿ ತಲುಪಿತು. ತೊಡದೇವು ಮಾತ್ರ ಪುಡಿಪುಡಿ. ಮೊಮ್ಮಗಳು ಚಮಚೆಯಲ್ಲಿ ತಿಂದಳು.

ಮೊದಲ ವಾರ ಊರು ನೋಡುವುದೇ ಆಯಿತು. ನ್ಯೂರೆಂಬರ್ಗಿನಲ್ಲಿ ಕೋಟೆ ಹತ್ತಿ ಕಾಲು ನೋಯಿಸಿಕೊಂಡೆ. ಎರಡನೇ ಮಹಾಯುದ್ಧದ ಬಾಂಬಿಗೆ ಬಹುಪಾಲು ನೆಲಸಮವಾಗಿದ್ದ ಹಳೇ ಪೇಟೆಯನ್ನು ಮತ್ತೆ ಕಟ್ಟಿದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ನೆಕ್ಕರ್ ನದಿಯ ದಂಡೆಯ ಪುಟ್ಟ ಊರು ಟ್ಯೂಬಿಂಗೆನ್. ಕನ್ನಡ ನಿಘಂಟು ಕೊಟ್ಟ ಫರ್ಡಿನಂಡ್ ಕಿಟ್ಟೆಲ್ ಅವರು 1903ರಲ್ಲಿ ಕಣ್ಣು ಮುಚ್ಚಿದ್ದು ಇಲ್ಲೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕೋಶದಲ್ಲಿ ಸುಮಾರು 70,000 ಶಬ್ದಗಳಿವೆ. ನಮ್ಮ ಹೆಂಗಸರ ಒಲೆ, ಒನಕೆ, ಮೊರದ ಮಾತನ್ನೆಲ್ಲ ಬರೆದಿಟ್ಟುಕೊಂಡ ಮನುಷ್ಯ ಕೊನೆಗಾಲ ಕಳೆದದ್ದು ಈ ತಣ್ಣನೆಯ ಊರಿನಲ್ಲಿ. ಸೇತುವೆಯ ಮೇಲೆ ನಿಂತಾಗ ತೀರ್ಥಹಳ್ಳಿಯ ತುಂಗೆಯ ನೆನಪಾಯಿತು. ನನ್ನ ತವರು ಅದು.

ಜಾತ್ರೆಗೆ ಹೋಗುವುದಿಲ್ಲ ಎಂದು ನಾನು ಹಟ ಹಿಡಿದದ್ದು ನಿಜ. ಕುಡಿಯುವವರ ಗುಂಪಿನಲ್ಲಿ ಮಗುವನ್ನು ಕಟ್ಟಿಕೊಂಡು ಏನು ಕೆಲಸ? ಆಗ ಮಗಳು ಅದರ ಹುಟ್ಟಿನ ಕಥೆ ಹೇಳಿದಳು. 1810ರ ಅಕ್ಟೋಬರ್ 12ರಂದು ಬವೇರಿಯದ ಯುವರಾಜ ಲುಡ್‌ವಿಗ್‌ಗೂ ಥೆರೇಸೆ ಎಂಬ ರಾಜಕುಮಾರಿಗೂ ಮದುವೆ. ಆ ಸಂಭ್ರಮಕ್ಕೆ ಊರಾಚೆಯ ಹುಲ್ಲುಗಾವಲಿನಲ್ಲಿ ಕುದುರೆ ಓಟ. ಆ ಮೈದಾನಕ್ಕೆ ಇಂದಿಗೂ ಮದುಮಗಳದೇ ಹೆಸರು. ಅಕ್ಟೋಬರ್ ಫೆಸ್ಟ್ ಎಂದು ಕರೆದರೂ ಚಳಿ ಬೀಳುವ ಮೊದಲು ಮುಗಿಯಲೆಂದು ಸೆಪ್ಟೆಂಬರಿನಲ್ಲೇ ಶುರುಮಾಡುತ್ತಾರೆ.

ಮದುವೆ ಹೆಣ್ಣಿನ ಜಾತ್ರೆ! ನಮ್ಮ ಸಾಗರದ್ದು ಬೇರೆಯೇ? ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಗೆ ಮೊದಲು ತವರುಮನೆಯ ಗುಡಿಯಲ್ಲಿ ಪೂಜೆ, ಆಮೇಲೆ ಮೆರವಣಿಗೆಯಲ್ಲಿ ಗಂಡನ ಮನೆಯ ಗುಡಿಗೆ. ಅದೇ ಫೆಬ್ರವರಿಯಲ್ಲಿ ನಮ್ಮೂರಿನಲ್ಲಿ ಜಾತ್ರೆ ಆಗಿತ್ತು, ಮಗಳಿಗೆ ಬರಲಾಗಿರಲಿಲ್ಲ. "ಇಲ್ಲಿನ ಜಾತ್ರೆಗಾದರೂ ನನ್ನ ಜೊತೆ ಬಾರಮ್ಮ" ಎಂದಳು. ಇನ್ನು ಹಟ ಮಾಡುವುದು ಹೇಗೆ?

ಸೆಪ್ಟೆಂಬರ್ 26, ಮಂಗಳವಾರ ಹೋದೆವು. ಮಂಗಳವಾರ ಸಂಸಾರಸ್ಥರ ದಿನ, ಸಂಜೆಯವರೆಗೆ ಮಕ್ಕಳ ಆಟಗಳಿಗೆ ದರ ಕಡಿಮೆ. ಒಳಗೆ ಹೋಗಲು ಟಿಕೆಟ್ಟಿಲ್ಲ, ಆದರೆ ದೊಡ್ಡ ಚೀಲ ಬಿಡುವುದಿಲ್ಲ. ಬಾಗಿಲ ಬಳಿ ಒಂದು ಸ್ಮಾರಕವಿದೆ. 1980ರಲ್ಲಿ ಇದೇ ತಾರೀಖಿನಂದು ಬಾಂಬ್ ಸಿಡಿದು, ಇಟ್ಟವನೂ ಸೇರಿ 13 ಮಂದಿ ಸತ್ತರಂತೆ. ಕೈಮುಗಿದು ಒಳಗೆ ಹೋದೆವು.

ಆ ಜನವೋ! ಆ ವರ್ಷ 72 ಲಕ್ಷ ಮಂದಿ ಬಂದರೆಂದು ಲೆಕ್ಕ. ಮನೆಗಿಂತ ಎತ್ತರದ ಡೇರೆಗಳು, ಒಳಗೆ ಸಾವಿರಾರು ಜನ ಬೆಂಚಿನ ಮೇಲೆ ನಿಂತು ಹಾಡುತ್ತಾರೆ. ಅಲ್ಲಿ ಮಾರುವುದು ಮ್ಯೂನಿಕ್ಕಿನ ಆರೇ ಕಾರ್ಖಾನೆಗಳ ಬಿಯರು, ಒಂದು ಲೀಟರಿನ ಗಾಜಿನ ಚೊಂಬಿನಲ್ಲಿ. ತುಂಬಿದ ಚೊಂಬು ಎರಡು ಕೆಜಿಗೂ ಭಾರ. ಅಂಥ ಹತ್ತನ್ನು ಎದೆಗೊತ್ತಿಕೊಂಡು ಹೆಂಗಸರು ಸರಸರ ನಡೆಯುತ್ತಾರೆ. ಬಾವಿಯಿಂದ ಸೊಂಟದಲ್ಲೊಂದು ಕೈಯಲ್ಲೊಂದು ಕೊಡ ತಂದ ನನಗೇ ಬೆರಗಾಯಿತು. ಅವರ ಉಡುಪಿನ ಮೇಲೊಂದು ಮುಂದುಡುಪು. ಅದರ ಗಂಟು ಬಲಕ್ಕಿದ್ದರೆ ಮದುವೆಯಾಗಿದೆ, ಎಡಕ್ಕಿದ್ದರೆ ಇಲ್ಲ ಅಂತಾರೆ. ನಮ್ಮ ಕಾಲುಂಗುರದ ಹಾಗೆ! ಸಸ್ಯಾಹಾರಿಗಳಿಗೆ ಪ್ರೆಟ್ಸೆಲ್ ಇದೆ, ಅಂದರೆ ಹಗ್ಗದ ಹಾಗೆ ಹೊಸೆದು ಕ್ಷಾರದ ನೀರಿನಲ್ಲಿ ಅದ್ದಿ ಬೇಯಿಸಿದ ಬ್ರೆಡ್ಡು. ಅದರ ಕಂದು ಬಣ್ಣ ಆ ಕ್ಷಾರದಿಂದ. ಕೆಲವು ಕಡೆ ಕೊಬ್ಬು ಹಾಕುತ್ತಾರೆ, ಕೇಳಿ ತೆಗೆದುಕೊಳ್ಳಿ.

ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿಯ ಘಮ ನನ್ನನ್ನು ಕೆಡಿಸಿತು. ಮಗಳು, ಅಳಿಯ, ಇವರು ಡೇರೆಯಲ್ಲಿ ಜಾಗ ಹುಡುಕಲು ಹೋಗಿದ್ದರು. ಅವನು ಬಾಣಲೆಯಲ್ಲಿ ಕೈಯಾಡಿಸುವುದನ್ನು ನೋಡುತ್ತ, ಪಾಕ ಎಷ್ಟೆಳೆ ಇರಬಹುದು ಎಂದು ಯೋಚಿಸುತ್ತ ಮೊಮ್ಮಗಳ ಕೈ ಬಿಟ್ಟೆ. ಒಂದು ನಿಮಿಷವೂ ಇಲ್ಲ. ತಿರುಗಿ ನೋಡಿದರೆ ಹುಡುಗಿ ಇಲ್ಲ.

ಎದೆ ಧಸಕ್ಕೆಂದಿತು. ಹೆಸರು ಹಿಡಿದು ಕೂಗಿದೆ, ಬ್ಯಾಂಡಿನ ಸದ್ದಿನಲ್ಲಿ ನನಗೇ ಕೇಳಲಿಲ್ಲ. ಫೋನ್ ಹತ್ತಲಿಲ್ಲ. ಭಾಷೆ ಬಾರದು. ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವಕ್ಕೆ ಹೋಗುವಾಗ ನನ್ನಮ್ಮ ಹೇಳುತ್ತಿದ್ದಳು, "ತಪ್ಪಿಸಿಕೊಂಡರೆ ನಿಂತಲ್ಲೇ ನಿಲ್ಲು, ನಾನೇ ಬರ್ತೀನಿ". ಅದನ್ನೇ ಬೆಳಿಗ್ಗೆ ಮೊಮ್ಮಗಳಿಗೂ ಹೇಳಿದ್ದೆ. ಹೇಳಿದವಳೇ ಮರೆತು, ಸಿಕ್ಕ ಸಿಕ್ಕ ಓಣಿಯಲ್ಲಿ ಓಡಿದೆ. ಮಗಳಿಗೆ ಏನೆಂದು ಮುಖ ತೋರಿಸಲಿ?

ಅಷ್ಟರಲ್ಲಿ ಪೊಲೀಸಿನ ಹೆಣ್ಣುಮಗಳೊಬ್ಬಳು ನನ್ನ ಸೀರೆಯನ್ನೇ ನೋಡುತ್ತ ಬಂದು ತೋಳು ಹಿಡಿದಳು. ಡೇರೆಯೊಂದರ ಹಿಂದಿನ ಕಚೇರಿಗೆ ಕರೆದೊಯ್ದಳು. ತಪ್ಪಿಸಿಕೊಂಡ ಮಕ್ಕಳನ್ನು ಕೂರಿಸುವ ಕೋಣೆ ಅಲ್ಲಿದೆ. ನಮ್ಮ ಹುಡುಗಿ ಬಣ್ಣದ ಕಡ್ಡಿ ಹಿಡಿದು ಚಿತ್ರ ಬರೆಯುತ್ತಿದ್ದಳು. ಅವಳು ನಿಂತಲ್ಲೇ ನಿಂತಿದ್ದಳಂತೆ. ವಿಚಾರಿಸಿದವರಿಗೆ ಜರ್ಮನ್ ಭಾಷೆಯಲ್ಲಿ, "ನಮ್ಮಜ್ಜಿ ಕಳೆದುಹೋಗಿದ್ದಾರೆ, ಹಸಿರು ಸೀರೆ, ಮೇಲೆ ಸ್ವೆಟರ್" ಎಂದು ದೂರು ಕೊಟ್ಟಿದ್ದಳು! ಪ್ಯಾಂಟು ಹಾಕಿಕೋ ಎಂದು ಮಗಳು ಬೆಳಿಗ್ಗೆ ಪೀಡಿಸಿದ್ದಳು. ನಾನು ಒಪ್ಪದಿದ್ದದ್ದೇ ಒಳ್ಳೆಯದಾಯಿತು.

ಅಲ್ಲೇ ಹೆಂಗಸರಿಗೆಂದು ಇನ್ನೊಂದು ಕೋಣೆ. ಕುಡಿದವರ ಕಾಟಕ್ಕೆ ಸಿಕ್ಕವರು, ಜೊತೆಯವರನ್ನು ಕಳೆದುಕೊಂಡವರು ಬಂದರೆ ಕೂರಿಸಿ, ಸಮಾಧಾನ ಮಾಡಿ, ಮನೆ ಸೇರುವ ದಾರಿ ಮಾಡಿಕೊಡುತ್ತಾರೆ, ಒಂದು ಕಾಸೂ ಕೇಳದೆ. 2003ರಿಂದ ನಡೆಯುತ್ತಿದೆ. ನಮ್ಮ ಜಾತ್ರೆಗಳಲ್ಲೂ ಮೈಕಿನ ಪಕ್ಕ ಇಂಥದೊಂದು ಕೋಣೆ ಇದ್ದರೆ ಎಷ್ಟು ಚೆನ್ನ! ನೀವೂ ಯಾವ ಜಾತ್ರೆಗೇ ಹೋಗಿ, ಮಗುವಿನ ಮುಂಗೈ ಮೇಲೆ ಫೋನ್ ನಂಬರು ಬರೆದುಬಿಡಿ. ಬಾಲ್‌ಪೆನ್ ಸಾಕು.

ಮಗಳಿಗೆ ವಿಷಯ ತಿಳಿದಾಗ ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ, ನನ್ನ ಕೈ ಹಿಡಿದುಕೊಂಡಳು. ಮನೆ ಸೇರುವವರೆಗೂ ಬಿಡಲಿಲ್ಲ. ಬರುವಾಗ ಶುಂಠಿ, ಜೇನು ಹಾಕಿದ ಹೃದಯದಾಕಾರದ ದೊಡ್ಡ ಬಿಸ್ಕತ್ತನ್ನು ಮೊಮ್ಮಗಳು ನನ್ನ ಕೊರಳಿಗೆ ಹಾಕಿದಳು. ಅಲ್ಲಿ ಅದನ್ನು ತಿನ್ನುವುದಕ್ಕಿಂತ ನೆನಪಿಗೆಂದು ತೂಗುಹಾಕುವವರೇ ಹೆಚ್ಚು. ನಾನೂ ಸಾಗರದ ಅಡುಗೆಮನೆಯ ಗೋಡೆಗೆ ತೂಗುಹಾಕಿದೆ. ಮೂರನೇ ದಿನಕ್ಕೆ ಇರುವೆ ಸಾಲು ಹಿಡಿಯಿತು. ಈಗ ಡಬ್ಬಿಯಲ್ಲಿದೆ.