ನಿಮಗಿದು ಗೊತ್ತೆ? ಕೆಲವು ವಿಸ್ಕಿಗಳಿಗೆ ನೀರಹನಿ ಬಿದ್ದರೆ ಹೊಗೆಯ ಘಮ ಏಳುತ್ತದೆ!

ನೀರಿನ ರುಚಿಯ ಬಗ್ಗೆ ನಮ್ಮಲ್ಲಿ ಹಿಂದೆಯೂ ಇಂಥದೇ ಆಸ್ಥೆಯಿತ್ತು. ಹುಮನಾಬಾದ್ ಪಕ್ಕದ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುಡಿಯುವ ನೀರು, ಪಾನಕಗಳ ವಿವರವಿದೆ. ಯಾವ ಕಾಲಕ್ಕೆ ಯಾವ ನೀರು, ಅದಕ್ಕೆ ಪರಿಮಳ ಕಟ್ಟುವುದು ಹೇಗೆ ಎಂಬುದೂ ಅಲ್ಲಿದೆ. ಎಂಥ ಸೂಕ್ಷ್ಮ ನಾಲಿಗೆ ಅದು!

ಸ್ಕಾಟ್ಲೆಂಡಿನ ಐಲಾ ದ್ವೀಪದ ಸಿಂಗಲ್ ಮಾಲ್ಟ್ ವಿಸ್ಕಿ ಸವಿಯುವವರಿಗೂ ನೀರೇ ಮುಖ್ಯ. ಕಡಲಂಚಿನ ಲಫ್ರಾಯಿಗ್ (1815), ಲಗಾವುಲಿನ್ (1816) ಭಟ್ಟಿಗಳ ವಿಸ್ಕಿಗೆ ಮೊಳಕೆ ಬಾರ್ಲಿಯನ್ನು ಪೀಟ್ ಹೊಗೆಯಲ್ಲಿ ಒಣಗಿಸುತ್ತಾರೆ. ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತ ಗಿಡಗಳ ಹೆಂಟೆಯೇ ಪೀಟ್. ಗ್ಲಾಸಿಗೆ ಮೂಗು ಒಡ್ಡಿದರೆ ಮೊದಲು ಹೊಗೆ, ಆಮೇಲೆ ಆಸ್ಪತ್ರೆಯ ಟಿಂಚರಿನಂಥ ವಾಸನೆ. ಹೊಗೆಯ ಘಮ ಕೊಡುವ ಗ್ವಾಯಕಾಲ್ ಎಂಬ ಅಂಶ ನೀರು ಬೆರೆತಾಗ ಮೇಲ್ಮೈಗೆ ಬರುತ್ತದೆ ಎಂದು 2017ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕದಿಂದ ತೋರಿಸಿದರು.

ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಬಿಡುಗಡೆಯಾದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. ಅದರ ‘ಫ್ಯೂಷನ್’ನಲ್ಲಿ ಭಾರತದ ಬಾರ್ಲಿಯ ಜೊತೆ ಪೀಟ್ ಹೊಗೆಯಲ್ಲಿ ಒಣಗಿಸಿದ ಸ್ಕಾಟ್ಲೆಂಡಿನ ಬಾರ್ಲಿಯೂ ಸೇರಿದೆ. ವಿಸ್ಕಿ ಮಾಗುವ ಪೀಪಾಯಿಯಿಂದ ವರ್ಷಕ್ಕೆ ಸ್ಕಾಟ್ಲೆಂಡಿನಲ್ಲಿ ಸುಮಾರು ಶೇ 2ರಷ್ಟು ಆವಿಯಾದರೆ, ಬೆಂಗಳೂರಿನಲ್ಲಿ ಶೇ 10ಕ್ಕೂ ಹೆಚ್ಚು.

ಅಂದಹಾಗೆ, ಹೆಂಡ ಮಾರುತ್ತಲೇ ಕುಡುಕರಿಗೆ ಬುದ್ಧಿ ಹೇಳಿದ ವಚನಕಾರ ಹೆಂಡದ ಮಾರಯ್ಯ ಬಾಳಿದ್ದೂ ಸೋಮೇಶ್ವರ ಆಳಿದ ಅದೇ ಬಸವಕಲ್ಯಾಣದಲ್ಲಿ.