ಅಳತೆ ಕೊಟ್ಟು ಹೊಲಿಸಿದ ಕಾರು

ಮದುವೆಯ ಬಟ್ಟೆಗೆ ನಾವು ದರ್ಜಿಗೆ ಅಳತೆ ಕೊಡುತ್ತೇವೆ. ಕಾರನ್ನೂ ಹಾಗೆಯೇ ಮಾಡಿಸಿಕೊಳ್ಳುವವರಿದ್ದಾರೆ. ಅಮೇರಿಕದ ಚಲನಚಿತ್ರ ನಿರ್ದೇಶಕ ಜೇಮ್ಸ್ ಗ್ಲಿಕೆನ್‌ಹಾಸ್ ಹೊಸದಾದ ಫೆರಾರಿ ಎನ್‌ಝೋ ಕಾರೊಂದನ್ನು ಇಟಲಿಯ ಪಿನಿನ್‌ಫರೀನಾ ಸಂಸ್ಥೆಗೆ ಒಪ್ಪಿಸಿ, ಅದರ ಮೈ ಕಳಚಿ ಬೇರೆ ಮೈ ತೊಡಿಸಲು ಹೇಳಿದರು. (ಈ ಸಂಸ್ಥೆಯ ಬಹುಪಾಲು ಷೇರುಗಳನ್ನು ಕೊಳ್ಳಲು 2015ರಲ್ಲಿ ಒಪ್ಪಂದ ಮಾಡಿಕೊಂಡದ್ದು ನಮ್ಮ ದೇಶದ ಮಹೀಂದ್ರಾ.)

ಹೊಸ ಮೈಗೆ ಮಾದರಿ, ಫೆರಾರಿಯ 1960ರ ದಶಕದ ಪಂದ್ಯದ ಕಾರುಗಳು. 1967ರಲ್ಲಿ ಡೇಟೋನಾದ 24 ಗಂಟೆಗಳ ಪಂದ್ಯದಲ್ಲಿ ಮೊದಲ ಮೂರು ಸ್ಥಾನಗಳೂ ಫೆರಾರಿಯ ಪಾಲಾಗಿದ್ದವು. ಚಕ್ರಗಳ ಮೇಲೆ ಉಬ್ಬಿದ ಆ ಮೈಮಾಟವನ್ನೇ ವಿನ್ಯಾಸಕಾರ ಜೇಸನ್ ಕ್ಯಾಸ್ಟ್ರಿಯೋಟಾ ಕಾರ್ಬನ್ ಫೈಬರ್‌ನಲ್ಲಿ ಮರಳಿ ತಂದರು. ಒಳಗೆ ಎನ್‌ಝೋದ 12 ಸಿಲಿಂಡರಿನ ಎಂಜಿನ್ನೇ ಉಳಿಯಿತು. 2006ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 'ಫೆರಾರಿ ಪಿ4/5' ಪ್ರದರ್ಶನಗೊಂಡಿತು. ರಸ್ತೆಗಾಗಿ ಮಾಡಿದ್ದು ಇದೊಂದೇ.

ಖರ್ಚು ಸುಮಾರು 40 ಲಕ್ಷ ಡಾಲರ್ ಎಂದು ಪತ್ರಿಕೆಗಳು ಬರೆದವು. ಸ್ವಂತ ಸವಾರಿಯ ವಾಹನಕ್ಕೆ ಝಕಾತ್ ಇಲ್ಲ, ನಿಜ. ಆದರೆ ದುಂದುವೆಚ್ಚದ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. ಕುಶಲಕರ್ಮಿಗಳ ಕೈಗೆ ಸಂದ ಕೂಲಿಯನ್ನು ನಾನು ತಪ್ಪೆನ್ನಲಾರೆ. ಹೊಚ್ಚ ಹೊಸ ಕಾರಿನ ಸುಂದರ ಮೈಯನ್ನು ಬಳಸದೆಯೇ ಕಳಚಿದ್ದು ಮಾತ್ರ ನನ್ನ ಮನಸ್ಸಿಗೆ ಒಗ್ಗುವುದಿಲ್ಲ.